ಅಟ್ಟದ ಮೇಲಿನ ಕುಟ್ಟಾಣಿ

ಮಂಡ್ಯ,
14-7-1975

ಮೈ ಡಿಯರ್ ಹೊನ್ನಯ್ಯ,

ಈ ಕಾಗದಕ್ಕೆ ಬಲಗಡೆಯ ಮೂಲೆ ಇಲ್ಲ. ಕ್ಷಮಿಸು, ಅದು ಮೊಮ್ಮಗಳ ಹೊಟ್ಟೆಗೆ ಹೋಗಿದೆ. ಹೊಸ ಹಾಳೆ ತೆಗೆದರೆ ಅದಕ್ಕೂ ಇದೇ ಗತಿ, ಆದ್ದರಿಂದ ಉಳಿದದ್ದರಲ್ಲೇ ಬರೆಯುತ್ತಿದ್ದೇನೆ.

ಪುಟ್ಟಿಗೆ ಆರು ತಿಂಗಳು ತುಂಬಿತು. ಅವಳಿಗೆ ಅಜ್ಜಿಯ, ಅಂದರೆ ನನ್ನವಳ ಹೆಸರನ್ನೇ ಇಟ್ಟಿದ್ದೇವೆ, ಕನಕಲಕ್ಷ್ಮಿ ಎಂದು. ಆ ಹೆಸರು ಹಿಡಿದು ಕೂಗಲು ನನಗೆ ಬಾಯಿ ಬರುವುದಿಲ್ಲ, ಪುಟ್ಟಿ ಎನ್ನುತ್ತೇನೆ. ವಸಡು ಕೆಂಪಗೆ ಊದಿಕೊಂಡಿದೆ, ಹಲ್ಲು ಮಾತ್ರ ಒಂದೂ ಹೊರಗೆ ಬಂದಿಲ್ಲ. ಮಗ ಸಂಪತ್ ಕುಮಾರ ಸಹಕಾರ ಇಲಾಖೆಯ ಇನ್‌ಸ್ಪೆಕ್ಟರು, ತಿಂಗಳಲ್ಲಿ ಇಪ್ಪತ್ತು ದಿನ ಟೂರು. ಸೊಸೆ ವೇದವತಿ ಹತ್ತಕ್ಕೆ ಸ್ಕೂಲಿಗೆ ಹೋದರೆ ಬರುವುದು ಐದಕ್ಕೆ. ಅಲ್ಲಿಯವರೆಗೆ ಈ ರಿಟೈರ್ಡ್ ಹೆಡ್ ಕ್ಲಾರ್ಕೇ ಆಯಾ.

ಕನ್ನಡಕದ ಡಬ್ಬಿ ಹೋಯಿತು. ಛತ್ರಿಯ ಹಿಡಿಯ ಮೇಲಿನ ಬಣ್ಣ ಹೋಯಿತು. ಪೋಸ್ಟಾಫೀಸಿನವರು ಕೊಟ್ಟ ರೇಡಿಯೋ ಲೈಸೆನ್ಸಿನ ಪುಸ್ತಕ ಅರ್ಧ ಉಳಿದಿದೆ. ನನ್ನ ಇಂಟರ್‌ಮೀಡಿಯೆಟ್ ಕಾಲದ ಡಿಕ್ಷನರಿಯಲ್ಲಿ ‘ಕ್ಯೂ’ ಪೂರ್ತಿ ಇಲ್ಲ, ‘ಆರ್’ ಒದ್ದೆಯಾಗಿದೆ. ಮೊನ್ನೆ ಸಂಧ್ಯಾವಂದನೆಗೆ ಕೂತಿದ್ದರೆ ತೊಡೆ ಹತ್ತಿ ಜನಿವಾರವನ್ನೇ ಜಗಿಯತೊಡಗಿದಳು. ಬಿಡಿಸಿಕೊಂಡರೆ ಕಿರುಚಾಟ. ಪಾತ್ರೆ ತೊಳೆಯುವ ಚಲುವಮ್ಮ ಬಾಗಿಲಲ್ಲಿ ನಿಂತು, “ಆ ದಾರ ಬುಟ್ಬುಡಿ ಸಾಮಿ, ಕಡ್ಕೊಳ್ಲಿ. ಅಲ್ಲು ಬರೋ ಮಗೀಗೆ ಮಡಿ ಏನು, ಮೈಲಿಗೆ ಏನು” ಎಂದಳು. ಬಿಟ್ಟೆ. ಗಾಯತ್ರಿ ಮುಗಿಯುವ ಹೊತ್ತಿಗೆ ಬ್ರಹ್ಮಗಂಟು ನೆನೆದು ಮೆತ್ತಗಾಗಿತ್ತು.

ಈಗ ಮೇನ್ ಪಾಯಿಂಟ್. ವೇದವತಿಯ ಅಣ್ಣ ತಿರುನಾರಾಯಣ, ಮಳವಳ್ಳಿಯಲ್ಲಿ ಕ್ರಯಪತ್ರ, ಭಾಗಪತ್ರ ಬರೆದುಕೊಡುವವನು. ತಂದೆ ಇಲ್ಲದ ತಂಗಿಯನ್ನು ಧಾರೆಯೆರೆದು ಕೊಟ್ಟವನು ಅವನೇ. ಮದುವೆಗೆ ನೀನು ಬರಲಾಗಲಿಲ್ಲ, ಎತ್ತಿನ ಕಾಲು ಮುರಿದಿತ್ತು. ಅಲ್ಲಿ ಏನಾಯಿತೆಂದು ನಿನಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ.

ಕೊನೆಯ ದಿನ ಊಟ ಆಗಿ ಎಲ್ಲರೂ ತಾಂಬೂಲಕ್ಕೆ ಕೂತಿದ್ದೆವು. ಇವನು ಬೆಳ್ಳಿ ತಟ್ಟೆಯ ಮೇಲೆ ಕೆಂಪು ವಸ್ತ್ರ ಮುಚ್ಚಿಕೊಂಡು ಬಂದ. ನನ್ನ ಕನಕಳ ಮುಂದೆ ಇಟ್ಟು, “ಬೀಗಿತಿ ಅಮ್ಮನವರಿಗೆ ನಮ್ಮ ಕಡೆಯಿಂದ ವಜ್ರದ ಓಲೆ” ಎಂದು ವಸ್ತ್ರ ತೆಗೆದ. ಹಿತ್ತಾಳೆಯ ಕುಟ್ಟಾಣಿ. ಬೊಚ್ಚುಬಾಯಿಯ ಮುದುಕಿಯರು ಎಲೆ ಅಡಿಕೆ ಕುಟ್ಟಿಕೊಳ್ಳುವ ಕುಟ್ಟಾಣಿ. ಇನ್ನೂರು ಜನ ನಕ್ಕರು. ಅಷ್ಟಕ್ಕೇ ಬಿಡದೆ ಒಂದು ಗೋಟಡಿಕೆಯನ್ನು ತನ್ನ ಹಲ್ಲಿನ ಮಧ್ಯೆ ಇಟ್ಟು ಎಲ್ಲರಿಗೂ ಕೇಳುವಂತೆ ಕಟುಂ ಎನಿಸಿದ. ಐವತ್ತು ದಾಟಿದರೂ ಮೂವತ್ತೆರಡೂ ಇದೆ ಎಂಬ ಜಂಬ. ಕನಕ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ಅಷ್ಟು ಜನರೆದುರು ಅಳು ನುಂಗುವುದು ಎಂದರೆ ಏನು ಎಂದು ನಾನು ಅವತ್ತು ಕಂಡೆ.

ಅವಳಿಗೆ ಹಲ್ಲು ಇರಲಿಲ್ಲವೇ? ಮುಂದಿನವು ನಾಲ್ಕು ನಗುವಾಗ ಕಾಣುತ್ತಿದ್ದವು. ಹಿಂದಿನವನ್ನು ನಾನು ಎಣಿಸಿದವನಲ್ಲ. ಆದರೆ ಪ್ರತಿ ದಿನ ಊಟವಾದ ಮೇಲೆ ನಾನು ಮಡಿಸಿ ಕೊಟ್ಟ ಎಲೆಯನ್ನು ಕೈಯೊಡ್ಡಿ ತೆಗೆದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹಲ್ಲಿಲ್ಲದವಳು ಅಡಿಕೆ ತಿನ್ನುತ್ತಾಳೆಯೇ ಹೊನ್ನಯ್ಯ? ಮನೆಗೆ ಬಂದವನೇ ಏಣಿ ಹಾಕಿ ಆ ಕುಟ್ಟಾಣಿಯನ್ನು ಅಟ್ಟದ ಮೂಲೆಗೆ ಎಸೆದೆ. ಅವಳು ಕೆಳಗೆ ಏಣಿ ಹಿಡಿದು ನಿಂತಿದ್ದಳು. ಎಂಟು ತಿಂಗಳಿಗೆ ಹೋಗಿಬಿಟ್ಟಳು.

ಮಗುವಿಗೆ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕಂಟಕ ಎನ್ನುತ್ತಾರಲ್ಲ, ಈ ತಿರುನಾರಾಯಣನಿಗೆ ಅದರ ಭಯ ವಿಪರೀತ. ವೇದವತಿಗೆ ಹಾಗೆ ಬಂದ ವರ್ಷವೇ ಅವರ ಸೋದರಮಾವ ತೀರಿಕೊಂಡರಂತೆ. ಇವತ್ತು ಬೆಳಿಗ್ಗೆ ಅವನಿಗೆ ಕಾಗದ ಹಾಕಿದೆ. ಪುಟ್ಟಿಯ ಮೇಲಿನ ವಸಡಿನಲ್ಲಿ ಹಲ್ಲು ಬೆಳ್ಳಗೆ ಕಾಣುತ್ತಿದೆ, ಕೆಳಗೆ ಏನೂ ಇಲ್ಲ ಎಂದು ಬರೆದೆ. ಮೇಲುಕೋಟೆಯ ನಮ್ಮ ಅಜ್ಜಿ ಹೇಳುತ್ತಿದ್ದ ನಿಯಮ ಎಂದು ಎರಡು ಮಾತು ಸೇರಿಸಿದೆ. ಕೆಳಗಿನ ಹಲ್ಲು ಬರುವವರೆಗೆ ಸೋದರಮಾವ ಮಗುವಿನ ಮುಖ ನೋಡಕೂಡದು. ಅಲ್ಲಿಯವರೆಗೆ ಅವನು ಹಲ್ಲಿನಿಂದ ಏನನ್ನೂ ಕಡಿಯಕೂಡದು, ಕುಟ್ಟಿದ್ದು, ಅರೆದದ್ದು, ಕಿವುಚಿದ್ದು ಮಾತ್ರ. ತಾಯಿಗೆ ಇದು ತಿಳಿದರೆ ಎದೆಹಾಲು ಇಂಗೀತು, ವೇದವತಿಗೆ ಒಂದಕ್ಷರ ಬರೆಯಬೇಡಿ ಎಂದೂ ಸೇರಿಸಿದೆ. ನಮ್ಮ ಅಜ್ಜಿ ಹೀಗೆಲ್ಲ ಹೇಳಿದವಳೇ ಅಲ್ಲ. ಪೂರ್ ಲೇಡಿ, ಅವಳಿಗೆ ಅಷ್ಟು ವಿಷವಿರಲಿಲ್ಲ.

ಕಾಲೇಜಿನಲ್ಲಿ ಆ ಕುಳ್ಳ ಇಂಗ್ಲಿಷ್ ಮೇಷ್ಟ್ರು ‘ರಿವೆಂಜ್’ಗೂ ‘ಅವೆಂಜ್’ಗೂ ವ್ಯತ್ಯಾಸ ಹೇಳಿದ್ದರು. ಯಾವುದು ಯಾವುದೋ ಮರೆತಿದೆ. ನೋಡೋಣವೆಂದರೆ ‘ಆರ್’ ಒದ್ದೆ.

ಯುವರ್ಸ್ ಎಟ್ಸೆಟ್ರಾ,
ಯೋಗಾನರಸಿಂಹ


ಕೊಪ್ಪ,
24-7-75

ಲೇ ಯೋಗ,

ರಿವೆಂಜೂ ಅವೆಂಜೂ ನನ್ನನ್ನು ಕೇಳಬೇಡ. ಆ ಪೇಪರಿನಲ್ಲಿ ನೀನು ಎರಡನೇ ಸಲಕ್ಕೆ ಪಾಸಾದೆ, ನಾನು ಮೂರನೇ ಸಲಕ್ಕೂ ಆಗಲಿಲ್ಲ.

ನಿನ್ನ ಕಾಗದ ಓದಿ ನಗಲಿಲ್ಲ. ನಾಳೆ ಮಗೀಗೆ ಕೆಳಗಡೆ ಹಲ್ಲು ಬಂದರೆ ಏನು ಮಾಡ್ತೀಯ, ಬೆರಳಿಟ್ಟು ಒಳಕ್ಕೆ ಒತ್ತುತೀಯ? ಆ ಮನುಷ್ಯ ಕುಟ್ಟಾಣಿ ಕೊಟ್ಟಿದ್ದು ತಪ್ಪು ಅಂತಲೇ ಇಟ್ಟುಕೋ. ಸೇಡು ತೀರಿಸು ಅಂತ ನಿನ್ನ ಹೆಂಡ್ತಿ ಕೇಳಿದ್ದಳೇನ್ಲಾ?

ನನ್ನ ಹೆಂಡ್ತಿ ಅಂಕಮ್ಮ ಹೇಳ್ತಾ ಅವಳೆ, ಶುಭ್ರವಾದ ಹಳೇ ಪಂಚೆ ತುಂಡನ್ನ ತಣ್ಣೀರಲ್ಲಿ ಅದ್ದಿ ಹಿಂಡಿ ಗಂಟು ಕಟ್ಟಿ ಕೊಡಬೇಕಂತೆ, ಮಗು ಅದನ್ನ ಕಡ್ಕೊಂಡು ಸುಮ್ಮನಾಗ್ತದಂತೆ. ಡಿಕ್ಷನರಿ ತಿನ್ನಿಸಬೇಡ.

ಭತ್ತದ ಒಟ್ಲಲ್ಲಿ ಸಸಿ ಚೆನ್ನಾಗಿ ಬಂದಿದೆ. ಮುಂದಿನ ವಾರ ನಾಟಿ.

ನಿನ್ನ,
ಹೊನ್ನಯ್ಯ


ಮಂಡ್ಯ,
22-8-1975

ಮೈ ಡಿಯರ್ ಹೊನ್ನಯ್ಯ,

ಪಂಚೆಯ ಗಂಟು ಎರಡು ದಿನ ನಡೆಯಿತು. ಮೂರನೇ ದಿನ ಅದನ್ನು ಎಸೆದು ನನ್ನ ತೋರುಬೆರಳನ್ನೇ ಹಿಡಿದಳು. ಈಗ ಬರೆಯುತ್ತಿರುವುದು ಬಲಗೈಯಲ್ಲಿ, ಎಡಗೈ ಅವಳ ವಶದಲ್ಲಿದೆ. ವಸಡು ಎಂಥ ಗಟ್ಟಿ ಎಂದು ತಿಳಿದಿರಲಿಲ್ಲ.

ನನ್ನ ಬಾಣ ತಗುಲಿತು. ತಿರುನಾರಾಯಣನ ಉತ್ತರ ಬಂದಿದೆ. ನಿನಗಾಗಿ ಟ್ರೂ ಕಾಪಿ:

“ಪೂಜ್ಯ ಬೀಗರಿಗೆ ನಮಸ್ಕಾರಗಳು. ತಮ್ಮ ಕಾಗದ ಓದಿ ಕೈಕಾಲು ಆಡಲಿಲ್ಲ. ಹಿರಿಯರಾದ ತಾವು ಸಕಾಲಕ್ಕೆ ಎಚ್ಚರಿಸಿದಿರಿ, ಈ ಉಪಕಾರ ಮರೆಯುವುದಿಲ್ಲ. ಅಂದಿನಿಂದಲೇ ನಿಯಮ ಹಿಡಿದಿದ್ದೇನೆ. ಅನ್ನ, ಮಜ್ಜಿಗೆ, ಕಿವುಚಿದ ಬಾಳೆಹಣ್ಣು. ವೇದವತಿಗೆ ಏನೂ ತಿಳಿಸಿಲ್ಲ. ಕೆಳಗಿನ ಹಲ್ಲು ಕಂಡ ಕ್ಷಣ ಒಂದು ಕಾರ್ಡು ಹಾಕಿ.”

ಉಪಕಾರವಂತೆ. ಈ ಒಂದು ಪದವನ್ನು ನಾಲ್ಕು ಸಲ ಓದಿದೆ, ಹಲಸಿನ ತೊಳೆ ತಿಂದ ಹಾಗಾಯಿತು. ಮಳವಳ್ಳಿಯ ಮದುವೆ ಮನೆಗಳಲ್ಲಿ ಅವನು ಎಲೆಯ ಮುಂದೆ ಕೂತು ಚಕ್ಕುಲಿಯನ್ನು ಪಕ್ಕಕ್ಕೆ ಸರಿಸುತ್ತಿರುವುದನ್ನು ಕಣ್ಣು ಮುಚ್ಚಿ ನೋಡಿದೆ. “ಏನು ಸ್ವಾಮಿ, ಹಲ್ಲು ಹೋಯಿತೇ?” ಎಂದು ಯಾರಾದರೂ ಕೇಳಿರಬೇಕು. ಕೇಳಲಿ. ಇನ್ನೂರು ಜನ ಕೇಳಲಿ.

ಆದರೆ ಇನ್ನೊಂದು ಸಂಗತಿ ಬರೆಯದೆ ಇರಲಾರೆ. ಹೋದ ಗುರುವಾರ ಪುಟ್ಟಿಗೆ ಕಿವಿ ಚುಚ್ಚಿಸುವುದೆಂದು ವೇದವತಿ ನಿಶ್ಚಯ ಮಾಡಿದ್ದಳು. ನಮ್ಮಲ್ಲಿ ಮಗು ಸೋದರಮಾವನ ಮಡಿಲಲ್ಲಿ ಕೂತರೇ ಕಿವಿ ಚುಚ್ಚುವುದು, ನಿನಗೂ ಗೊತ್ತು. ಅಣ್ಣನಿಗೆ ಕಾಗದ ಬರೆದಿದ್ದಳು. ಅವನು ಮುಖ ನೋಡುವ ಹಾಗಿಲ್ಲವಲ್ಲ. ಕಾಲು ಉಳುಕಿದೆ, ಬರಲಾಗುವುದಿಲ್ಲ ಎಂದು ಕಾರ್ಡು ಹಾಕಿದ್ದಾನೆ, ಅದು ಅವತ್ತು ಮಧ್ಯಾಹ್ನ ಬಂತು. ಅಷ್ಟು ಹೊತ್ತು ಇವಳು ಮಗುವಿಗೆ ರೇಷ್ಮೆ ಲಂಗ ತೊಡಿಸಿ ಜಗುಲಿಯಲ್ಲಿ ಕೂತಿದ್ದಳು. ಮಳವಳ್ಳಿ ಬಸ್ಸು ಬರುವ ಹೊತ್ತಿಗೆಲ್ಲ ಬೀದಿಯ ಕೊನೆಯವರೆಗೆ ಹೋಗಿ ಬರುತ್ತಿದ್ದಳು. ಅಕ್ಕಸಾಲಿ ಚಿನ್ನದ ತಂತಿ ಹಿಡಿದು ಎರಡು ಗಂಟೆ ಕಾದು ಎದ್ದುಹೋದ. ಲಂಗದ ಅಂಚನ್ನು ಪುಟ್ಟಿ ಕಡಿದು ಜರಿ ಎಳೆದಿದ್ದಳು.

ಕಾರ್ಡು ಓದಿ ವೇದವತಿ, “ಉಳುಕಿದ್ರೆ ಅತ್ತಿಗೆ ಕೈಲಾದ್ರೂ ಹೇಳಿಕಳಿಸ್ತಿದ್ದ. ಅಣ್ಣನಿಗೆ ನಾನೇನು ತಪ್ಪು ಮಾಡಿದೆ ಮಾವ?” ಎಂದಳು. ನನ್ನ ಬಾಯಲ್ಲಿ ಎಲೆ ಅಡಿಕೆ ಇತ್ತು. ಅದಿದ್ದದ್ದು ಒಳ್ಳೆಯದಾಯಿತು, ಉತ್ತರ ಹೇಳಬೇಕಾಗಲಿಲ್ಲ.

ಯುದ್ಧ ಎಂದ ಮೇಲೆ ಸಿವಿಲಿಯನ್ನರಿಗೂ ಸ್ವಲ್ಪ ಪೆಟ್ಟು ಬೀಳುತ್ತದೆ. ಇಷ್ಟಕ್ಕೇ ನಿಲ್ಲಿಸಲಾರೆ. ಎರಡು ವರ್ಷ ಕಾದಿದ್ದೇನೆ. ನಿನ್ನಿಂದ ಒಂದು ಫೇವರ್ ಆಗಬೇಕು. ಒಮ್ಮೆ ಮಳವಳ್ಳಿಗೆ ಹೋಗಿ ಅವನನ್ನು ಕಣ್ಣಾರೆ ನೋಡಿಕೊಂಡು ಬಾ. ಅವನಿಗೆ ನಿನ್ನ ಗುರುತಿಲ್ಲ. ಏನು ತಿನ್ನುತ್ತಾನೆ, ಹೇಗೆ ತಿನ್ನುತ್ತಾನೆ, ಮುಖ ಇಳಿದಿದೆಯೇ, ಎಲ್ಲ ಡೀಟೇಲಾಗಿ ಬರೆ. ಕಾಗದದಲ್ಲಿ ಸೇಡಿನ ರುಚಿ ಪೂರ್ತಿ ಸಿಕ್ಕುವುದಿಲ್ಲ.

ಯುವರ್ಸ್,
ಯೋಗಾನರಸಿಂಹ


ಕೊಪ್ಪ,
4-9-75

ಯೋಗ,

ಹೋಗಿದ್ದೆ. ತಮ್ಮನಿಗೂ ನನಗೂ ಭಾಗಪತ್ರ ಬರೆಸಬೇಕು ಅಂತ ನೆಪ ಮಾಡಿಕೊಂಡೆ. ಇದನ್ನ ನೀನು ಕೂತುಕೊಂಡು ಓದು.

ಅವರು ಪಡಸಾಲೇಲಿ ಇಳಿಮೇಜಿನ ಮುಂದೆ ಬರೀತಾ ಕೂತಿದ್ದರು. ಕೆನ್ನೆ ಒಳಕ್ಕೆ ಹೋಗಿದೆ, ಅಂಗಿ ಹೆಗಲ ಮೇಲೆ ನೇತಾಡ್ತಾ ಇದೆ. ಪಕ್ಕದಲ್ಲೇ ಒಂದು ಕುಟ್ಟಾಣಿ. ಎರಡು ಸಾಲು ಬರೆಯೋದು, ನಾಲ್ಕು ಏಟು ಕುಟ್ಟೋದು.

“ಏನ್ ಸಾಮಿ, ಬಾಯ್ತುಂಬ ಅಲ್ಲು ಇಟ್ಕಂಡು ಕುಟ್ಕಂಡು ತಿಂತೀರಲ್ಲ” ಅಂದೆ.

“ತಂಗಿ ಮಗೂಗೆ ಮೇಲಿನ ಹಲ್ಲು ಮೊದಲು ಬಂದಿದೆ ಗೌಡ್ರೆ. ಕೆಳಗಿನದು ಬರೋತನಕ ನಾನು ಏನೂ ಕಡಿಯೋ ಹಾಗಿಲ್ಲ. ನಮ್ಮ ಬೀಗರು ತಿಳಿದವರು, ಅವರೇ ಬರೆದು ತಿಳಿಸಿದ್ದು.”

ಒಳಗಿನಿಂದ ಅವರ ಹೆಂಡ್ತಿ ಪಂಕಜಮ್ಮ ಮಜ್ಜಿಗೆ ತಂದುಕೊಡ್ತಾ, “ತಿಳಿದವರಂತೆ. ಕಟ್ಕೊಂಡ ಹೆಂಡತಿ ಅಡಿಕೆ ಅಗೀತಾಳೋ ಉಗೀತಾಳೋ, ಅದು ತಿಳೀಲಿಲ್ಲ ಆ ಮಹಾರಾಯರಿಗೆ” ಅಂದರು.

“ಸುಮ್ನಿರೆ, ಹೋದವರ ಮಾತು ಯಾಕೆ” ಅಂದರು ಅವರು.

“ಹೋದವರು ಅಂತಲೇ ಹೇಳ್ತಿರೋದು. ಪುಣ್ಯಾತ್ಗಿತ್ತಿ.” ಆಮೇಲೆ ಕಂಬಕ್ಕೆ ಒರಗಿ ನನಗೆ ಹೇಳಿದರು. ಅವರ ಮಾತನ್ನ ಹಾಗೇ ಬರೀತೀನಿ, ನಂದು ಒಂದೂ ಸೇರಿಸಿಲ್ಲ.

“ನಿಶ್ಚಿತಾರ್ಥದ ದಿನ ಆ ಬೀಗಿತಿ ನನ್ನನ್ನ ಅಡಿಗೆಮನೆ ಮೂಲೆಗೆ ಕರಕೊಂಡು ಹೋದ್ರು. ‘ಪಂಕಜಮ್ಮ, ನಂಗೆ ದವಡೆ ಹಲ್ಲು ಒಂದೂ ಇಲ್ಲ. ನಮ್ಮನೆಯವರು ದಿನಾ ಎಲೆ ಮಡಿಸಿ ಕೈಗೆ ಕೊಡ್ತಾರೆ, ಬೇಡ ಅನ್ನಕ್ಕೆ ಮನಸ್ಸು ಬರಲ್ಲ. ಆರು ವರ್ಷದಿಂದ ಕೆನ್ನೆಯಲ್ಲಿ ಇಟ್ಕೊಂಡಿದ್ದು ಹಿತ್ತಲಿಗೆ ಹೋಗಿ ಉಗೀತಿದೀನಿ. ಕುಟ್ಟಾಣಿ ತನ್ನಿ ಅಂತ ಕೇಳಿದ್ರೆ ಮುದುಕಿ ಆಗ್ಹೋದ್ಲು ಅಂದ್ಕೋತಾರೆ. ಮದುವೇಲಿ ಬೀಗರ ತಮಾಷೆ ಅಂತ ನೀವೇ ಒಂದು ಕೊಟ್ಬಿಡಿ. ತಮಾಷೆಗೆ ಬಂದದ್ದು ಅಂತ ಹೇಳಿ ಅವರೆದುರಿಗೇ ಕುಟ್ಕೊಂಡು ತಿಂತೀನಿ’ ಅಂದ್ರು. ವಜ್ರದ ಓಲೆ ಅನ್ನೋ ಮಾತನ್ನೂ ಅವರೇ ಹೇಳಿಕೊಟ್ಟದ್ದು. ಇವರು ತಟ್ಟೆ ಇಟ್ಟಾಗ ಸೆರಗು ಮುಚ್ಕೊಂಡು ಎಷ್ಟು ನಕ್ಕರು ಅಂತೀರಿ.”

“ಪಾಪ, ಎಂಟು ತಿಂಗಳಾದ್ರೂ ಗಂಡನ ಎದುರಿಗೆ ಕೂತು ಕುಟ್ಕೊಂಡು ತಿಂದ್ರಲ್ಲ, ಬಿಡು” ಅಂದರು ತಿರುನಾರಾಯಣಯ್ಯ.

ನನ್ನ ಬಾಯಲ್ಲಿ ಎಲೆ ಇತ್ತು. ಉಗಿದು ಬತ್ತೀನಿ ಅಂತ ಎದ್ದವನು ಬಸ್ ಸ್ಟ್ಯಾಂಡಿಗೆ ಬಂದುಬಿಟ್ಟೆ. ಟವಲ್ಲು ಅಲ್ಲೇ ಉಳೀತು.

ಅಟ್ಟಕ್ಕೆ ಏಣಿ ಹಾಕು ಕಣ್ಲಾ.

ಹೊನ್ನಯ್ಯ


ಮಂಡ್ಯ,
12-9-1975

ಬೀಗರಾದ ತಿರುನಾರಾಯಣ ಅಯ್ಯಂಗಾರ್ಯರಿಗೆ,

ಈ ಕಾಗದವನ್ನು ದಿ ಅಂಡರ್‌ಸೈನ್ಡ್ ಎಂದು ಇಂಗ್ಲಿಷಿನಲ್ಲಿ ಶುರುಮಾಡಿ ಮೂರು ಸಲ ಹರಿದೆ. ಹರಿದದ್ದನ್ನು ಮಗು ತಿಂದಿತು. ನೇರವಾಗಿ ಬರೆಯುತ್ತೇನೆ.

ಪುಟ್ಟಿಗೆ ಮೇಲಿನ ಹಲ್ಲು ಬಂದಿರಲಿಲ್ಲ. ಯಾವ ಹಲ್ಲೂ ಬಂದಿರಲಿಲ್ಲ. ನಮ್ಮ ಅಜ್ಜಿ ಅಂಥ ನಿಯಮ ಯಾವುದನ್ನೂ ಹೇಳಿಲ್ಲ. ಎಲ್ಲ ನಾನು ಕೂತು ಕಟ್ಟಿದ್ದು. ನೀವು ಮದುವೆಯಲ್ಲಿ ನನ್ನ ಹೆಂಡತಿಯನ್ನು ಇನ್ನೂರು ಜನರ ಮುಂದೆ ಅವಮಾನ ಮಾಡಿದಿರಿ ಎಂದು ತಿಳಿದಿದ್ದೆ. ನಿಮ್ಮ ಬಾಯಿಗೂ ಕುಟ್ಟಿದ್ದೇ ಬೀಳಲಿ, ನಿಮ್ಮನ್ನೂ ನಾಲ್ಕು ಜನ ನೋಡಿ ನಗಲಿ ಎಂದು ಹಾಗೆ ಮಾಡಿದೆ. ನಿಮಗೆ ಮರಣಭಯ ಹುಟ್ಟಿಸಿ ಸಂತೋಷಪಟ್ಟೆ. ಹೋದ ತಿಂಗಳು ಭಾಗಪತ್ರಕ್ಕೆಂದು ಬಂದು ಟವಲ್ಲು ಬಿಟ್ಟುಹೋದ ಗೌಡರು ನನ್ನ ಸ್ನೇಹಿತರು. ನಾನೇ ಕಳಿಸಿದ್ದು. ನಿಮ್ಮ ಕೆನ್ನೆ ಎಷ್ಟು ಇಳಿದಿದೆ ಎಂದು ತಿಳಿಯಬೇಕಿತ್ತು.

ನಿಮ್ಮ ಮನೆಯವರು ಅವರಿಗೆ ಹೇಳಿದ ಮಾತು ನನಗೆ ತಲುಪಿತು.

ನಿಮಗೆ ಒಂದು ತಪ್ಪು ತಿಳಿವಳಿಕೆ ಇದೆ, ಅದನ್ನು ಸರಿಪಡಿಸಬೇಕು. ಕನಕ ಆ ಕುಟ್ಟಾಣಿಯಲ್ಲಿ ಎಂಟು ತಿಂಗಳು ಕುಟ್ಟಿಕೊಳ್ಳಲಿಲ್ಲ. ಒಂದು ದಿನವೂ ಇಲ್ಲ. ಯಾಕೆ ಎಂದು ಇಲ್ಲಿ ಬರೆಯಲಾರೆ. ನೀವು ಬಂದರೆ ನಮ್ಮ ಮನೆಯ ಅಟ್ಟವನ್ನು ತೋರಿಸುತ್ತೇನೆ, ನಿಮಗೇ ತಿಳಿಯುತ್ತದೆ. ಅವತ್ತಿನ ನಂತರವೂ ನಾನು ದಿನಾ ಎಲೆ ಮಡಿಸಿ ಕೊಟ್ಟೆ, ಅವಳು ದಿನಾ ಕೈಯೊಡ್ಡಿ ತೆಗೆದುಕೊಂಡು ಹಿತ್ತಲಿಗೆ ಹೋದಳು. ಗಿಡಕ್ಕೆ ನೀರು ಹಾಕಲು ಹೋಗುತ್ತಾಳೆ ಎಂದುಕೊಂಡಿದ್ದೆ.

ಶನಿವಾರ ಏಣಿ ಹಾಕಿ ಕುಟ್ಟಾಣಿಯನ್ನು ಇಳಿಸಿದೆ. ಕಿಲುಬು ಹಿಡಿದು ಹಸಿರಾಗಿತ್ತು. ಚಲುವಮ್ಮ ಹುಣಸೆಹಣ್ಣು ಹಾಕಿ ಎರಡು ಸಲ ಉಜ್ಜಿ, ಕುದಿನೀರಿನಲ್ಲಿ ತೊಳೆದು ಕೊಟ್ಟಳು. ಪಕ್ಕದಲ್ಲಿ ಇಟ್ಟುಕೊಂಡು ಕೂತಿದ್ದೆ. ಪುಟ್ಟಿ ತೆವಳಿಕೊಂಡು ಬಂದು ಕುಟ್ಟುವ ಗುಂಡನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ಹಾಕಿದಳು. ಮನೆಯ ಅಷ್ಟು ಸಾಮಾನು ಕಡಿದರೂ ಆಗದ ಸಮಾಧಾನ ಅದರಿಂದ ಆಯಿತು, ತಣ್ಣಗಿತ್ತೋ ಏನೋ. ಅಳು ನಿಂತಿತು. ನಾಲ್ಕು ದಿನ ಅದನ್ನು ಬಿಡಲೇ ಇಲ್ಲ.

ನಿನ್ನೆ ಬೆಳಿಗ್ಗೆ ಟಿಣ್ ಎಂದಿತು.

ನಾನು ಬೀದಿಯಲ್ಲಿ ಸೈಕಲ್ ಗಂಟೆ ಎಂದುಕೊಂಡೆ. ಚಲುವಮ್ಮ ಕೈಯಲ್ಲಿದ್ದ ಚೊಂಬು ಕೆಳಗಿಟ್ಟು, “ಕೇಳುಸ್ತಾ ಸಾಮಿ? ಅಲ್ಲು ಕಣ್ರಪ್ಪ” ಎಂದಳು. ಇನ್ನೊಮ್ಮೆ ಟಿಣ್. ತುಟಿ ಸರಿಸಿ ನೋಡಿದೆವು. ಕೆಳಗಡೆ, ನಡುವೆ, ಅಕ್ಕಿಯ ನುಚ್ಚಿನಷ್ಟು. ಆ ಶಬ್ದವನ್ನು ನಮ್ಮ ಮನೆಯಲ್ಲಿ ಎರಡು ವರ್ಷದ ಹಿಂದೆಯೇ ಕೇಳಬೇಕಿತ್ತು, ದಿನಾ, ಊಟವಾದ ಮೇಲೆ.

ಆದ್ದರಿಂದ ನಿಮಗೆ ಯಾವ ಕಂಟಕವೂ ಇಲ್ಲ. ಕಡಿಯಿರಿ, ಅಗಿಯಿರಿ. ನಿಮಗೆ ಹಾಕಿದ ಶಿಕ್ಷೆಯನ್ನು ನಿನ್ನೆಯಿಂದ ನಾನು ತೆಗೆದುಕೊಂಡಿದ್ದೇನೆ. ಹಲ್ಲು ಗಟ್ಟಿಯಾಗಿಯೇ ಇವೆ, ಆದರೂ ಕುಟ್ಟದೆ ಏನನ್ನೂ ಬಾಯಿಗೆ ಹಾಕುವುದಿಲ್ಲ. ಯಾರ ಮೇಲೆ ಸೇಡು ಎಂದು ಕೇಳಬೇಡಿ.

18ನೇ ತಾರೀಖು ಗುರುವಾರ ಅಕ್ಕಸಾಲಿಗೆ ಮತ್ತೆ ಹೇಳಿಕಳಿಸಿದ್ದೇನೆ. ಮಗುವಿಗೆ ನಿಮ್ಮ ಮಡಿಲು ಬೇಕು. ವೇದವತಿ ನಿಮ್ಮ ಕಾರ್ಡನ್ನು ಅಕ್ಕಿ ಡಬ್ಬಿಯ ಕೆಳಗೆ ಇಟ್ಟಿದ್ದಾಳೆ, ಆಗಾಗ ತೆಗೆದು ಓದುತ್ತಾಳೆ. ಅವಳಿಗೆ ನಿಜ ಹೇಳುವ ಧೈರ್ಯ ನನಗೆ ಬಂದಿಲ್ಲ. ನೀವೇ ಹೇಳಿ. ಆಮೇಲೆ ಅವಳು ಅನ್ನ ಹಾಕಿದರೆ ಇಲ್ಲಿರುತ್ತೇನೆ. ಬರುವಾಗ ಒಂದು ಡಬ್ಬಿ ಚಕ್ಕುಲಿ ತನ್ನಿ, ನನ್ನ ಎದುರಿಗೆ ಕೂತು ಕಟುಂ ಎಂದು ಕಡಿಯಿರಿ. ಅಷ್ಟು ನಿಮಗೆ ಸಲ್ಲಬೇಕು.

ಇಂತು,
ಯೋಗಾನರಸಿಂಹ


ಮಳವಳ್ಳಿ,
15-9-75

ಯೋಗಾನರಸಿಂಹಯ್ಯನವರಿಗೆ,

ತಮ್ಮ ಕಾಗದ ಓದಿದೆ. ಇನ್ನೊಮ್ಮೆ ಓದಲಿಲ್ಲ. ಎರಡು ತಿಂಗಳು ದಿನಾ ಮಲಗುವಾಗ ಹೆಂಡತಿಯ ಕೈ ಹಿಡಿದುಕೊಂಡು ಮಲಗಿದ್ದೇನೆ. ಅದನ್ನು ನೀವು ತಿಳಿದಿರಬೇಕು.

ಗುರುವಾರ ಮೊದಲ ಬಸ್ಸಿಗೆ ಇಬ್ಬರೂ ಬರುತ್ತೇವೆ. ಮಗು ನನ್ನ ಮಡಿಲಲ್ಲಿ ಕೂರುತ್ತದೆ. ವೇದವತಿಯ ಮಟ್ಟಿಗೆ ನನ್ನ ಕಾಲು ಉಳುಕಿತ್ತು, ಅಷ್ಟೆ. ನೀವು ಬಾಯಿ ಬಿಡಕೂಡದು. ಅವಳಿಗೆ ಅಣ್ಣನೂ ಬೇಕು, ಮಾವನೂ ಬೇಕು.

ಚಕ್ಕುಲಿ ತರುತ್ತೇನೆ. ಡಬ್ಬಿ ಪೂರ್ತಿ ನಾನೇ ತಿನ್ನುತ್ತೇನೆ, ನಿಮ್ಮ ಮುಖ ನೋಡಿಕೊಂಡು, ನಿಧಾನವಾಗಿ. ಕೊನೆಯದೊಂದನ್ನು ನಿಮಗೆ ಕೊಡುತ್ತೇನೆ. ಮಗುವಿನ ಕೈಯಿಂದ ಗುಂಡು ಬಿಡಿಸಿಕೊಳ್ಳಲು ನಿಮ್ಮಿಂದಾದರೆ ಕುಟ್ಟಿಕೊಂಡು ತಿನ್ನಿ.

ತಿರುನಾರಾಯಣ